ನಾಲ್ಕು ಅಂತ ಬರೆದ ಸಂಜೆ

ಎಡಿನ್‌ಬರೋ
ಭಾನುವಾರ, ಸೆಪ್ಟೆಂಬರ್ ೨೫

ಪ್ರೀತಿಯ ಎಲ್ಸ್‌ಪೆತ್ ಅತ್ತೆ,

ಭಾನುವಾರ ಬಂತು, ಕೈ ತಾನಾಗಿಯೇ ಪೆನ್ನು ಹುಡುಕಿತು. ಏಳು ವರ್ಷ ಹಾಸ್ಟೆಲಿನಲ್ಲಿ ಪ್ರಾರ್ಥನೆ ಮುಗಿದ ಮೇಲೆ ಎಲ್ಲರನ್ನೂ ಊಟದ ಹಾಲಿನಲ್ಲಿ ಕೂರಿಸಿ, ‘ಮನೆಗೆ ಕಾಗದ ಬರೀರಿ, ಒಂದು ಪುಟಕ್ಕೆ ಕಮ್ಮಿ ಇರಬಾರದು’ ಅಂತ ವಾರ್ಡನ್ ತಲೆಯ ಮೇಲೆ ನಿಂತಿರುತ್ತಿದ್ದರು. ಈಗ ಯಾರೂ ನಿಂತಿಲ್ಲ. ಆದರೂ ಬರೆಯದಿದ್ದರೆ ಯಾರಾದರೂ ಹೆಸರು ಹಿಡಿದು ಕೂಗುತ್ತಾರೇನೋ ಅಂತ ಭಯ. ಅಪ್ಪನಿಗೆ ಬರೆಯೋಣ ಅಂದರೆ ಅವನ ಹಡಗು ಯಾವ ಬಂದರಿನಲ್ಲಿದೆಯೋ. ಅಮ್ಮ ಇಂಗ್ಲೆಂಡಿನಲ್ಲಿ ಹೊಸ ಸಂಸಾರದ ಗಲಾಟೆಯಲ್ಲಿದ್ದಾಳೆ. ಹಾಗಾಗಿ ಯಾವಾಗಿನ ಹಾಗೆ ನಿನಗೇ.

ನಾನು ಚೆನ್ನಾಗಿದ್ದೇನೆ. (ಹಾಸ್ಟೆಲ್ ಕಾಗದದ ಮೊದಲ ವಾಕ್ಯ ಇದೇ ಇರಬೇಕಿತ್ತು, ನಿನಗೆ ಗೊತ್ತಲ್ಲ.) ನಿಜ ಏನೆಂದರೆ ನಿದ್ದೆ ಬರುತ್ತಿಲ್ಲ. ಈ ಕಾಲೇಜಿನ ವಸತಿಯಲ್ಲಿ ನಾಲ್ಕು ಜನ ಹುಡುಗಿಯರಿಗೆ ಒಂದು ಅಡುಗೆಮನೆ. ಉಳಿದ ಮೂವರೂ ಮೊದಲ ದಿನವೇ ಗೆಳತಿಯರಾಗಿಬಿಟ್ಟಿದ್ದಾರೆ, ನಾನೊಬ್ಬಳು ಒಂದು ಬಸ್ಸು ತಡವಾಗಿ ಬಂದ ಹಾಗಿದೆ. ‘ಇಂಗ್ಲಿಷ್‌ನವಳಾ ನೀನು?’ ಅಂತ ಅವರಲ್ಲೊಬ್ಬಳು, ಟ್ಯಾಮ್ಸಿನ್, ಕೇಳಿದಳು. ‘ಅರ್ಧ’ ಅಂದೆ. ‘ಯಾವ ಅರ್ಧ, ಮೇಲಿನದಾ ಕೆಳಗಿನದಾ?’ ಅಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಇಂಗ್ಲೆಂಡಿನ ಹಾಸ್ಟೆಲಿನಲ್ಲಿ ಸ್ಕಾಟ್‌ಲೆಂಡಿನವಳು ಅಂತ ನಗುತ್ತಿದ್ದರು, ಇಲ್ಲಿ ಹೀಗೆ. ಎಲ್ಲಿ ಹೋದರೂ ಉಳಿದರ್ಧ ಮನೆಯಲ್ಲಿ ಮರೆತು ಬಂದವಳು ನಾನು.

ಮಾತಾಡಲು ಏನೂ ತೋಚದೆ ಬೀವರ್ ವಿಷಯ ತೆಗೆದೆ. ನಮ್ಮತ್ತೆ ಊರಿನ ಹಳ್ಳದಲ್ಲಿ ಬೀವರ್ ಇವೆ, ಹಲ್ಲಿನಲ್ಲೇ ಮರ ಕಡಿದು ಹಳ್ಳಕ್ಕೆ ಕಟ್ಟೆ ಕಟ್ಟುತ್ತವೆ, ಬಕೆಟ್ ಬೋರಲು ಹಾಕಿ ಸಂಜೆ ಎರಡೆರಡು ಗಂಟೆ ಕೂತು ನೋಡಿದ್ದೇನೆ ಅಂದೆ. ಮೊದಲ ಸಲ ಮೂವರೂ ನನ್ನ ಕಡೆ ತಿರುಗಿದರು. ‘ನಮ್ಮನ್ನೂ ಕರಕೊಂಡು ಹೋಗ್ತೀಯಾ?’ ಅಂದಳು ಟ್ಯಾಮ್ಸಿನ್. ‘ನೋಡೋಣ’ ಅಂದೆ. ನೋಡೋಣ ಅಂದದ್ದು ತಪ್ಪಾ ಅತ್ತೆ?

ವಾರ್ಡನಮ್ಮ ಹೇಗಿದ್ದಾಳೆ? ಹೆಸರಿಡಬೇಡ ಅಂತ ನೀನು ಬೈಯುತ್ತೀಯ. ಆದರೆ ಬಾಲದಲ್ಲಿ ಕಚ್ಚು ಬಿದ್ದಿರುವ ಆ ಮುದುಕಿ ಬೀವರ್ ನೀರಿಗೆ ಇಳಿಯುವ ಮೊದಲು ಎಲ್ಲ ಕಡೆ ಮೂಸಿ ಗೊಣಗುವುದು ಥೇಟ್ ನಮ್ಮ ವಾರ್ಡನ್ ಹಾಸಿಗೆ ತಪಾಸಣೆಗೆ ಬಂದ ಹಾಗೇ.

ನಿದ್ದೆಗೆಟ್ಟ
ನಿನ್ನ ಎಫಿ


ಆಲಿತ್ ಹತ್ತಿರ
ಬುಧವಾರ, ಅಕ್ಟೋಬರ್ ೫

ಎಫಿ ಪುಟ್ಟೀ,

ಉತ್ತರ ತಡವಾಯಿತು, ಕಾರಣ ಸೊಂಟ. ಕೀಲು ಬದಲಾಯಿಸಬೇಕಂತೆ, ನನ್ನ ಸರದಿ ಹೊಸ ವರ್ಷಕ್ಕೆ. ಮೇ ತಿಂಗಳಿಂದ ಹಳ್ಳಕ್ಕೆ ಇಳಿದಿಲ್ಲ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಬೀವರ್ ಎಣಿಸಿ ಬರೆಯುವ ನನ್ನ ನೋಟ್‌ಬುಕ್ಕಿನಲ್ಲಿ ಇಡೀ ಬೇಸಿಗೆ ಖಾಲಿ. ಹೋದ ವರ್ಷ ನಾಲ್ಕಿದ್ದವು. ಈ ಬೇಸಿಗೆಯಲ್ಲಿ ಮರಿ ಎಷ್ಟು ಹಾಕಿವೆಯೋ ನನಗೆ ಗೊತ್ತಿಲ್ಲ.

ಮೊನ್ನೆ ವಾಟಿ ಗೀಕಿ ಬಂದಿದ್ದ. ಹಳ್ಳದ ಆಚೆ ದಂಡೆಯೂ ಅದರ ಹಿಂದಿನ ಬಾರ್ಲಿ ಹೊಲವೂ ಅವನದು ಅಂತ ನಿನಗೆ ಗೊತ್ತಲ್ಲ. ಬಾಗಿಲಲ್ಲೇ ನಿಂತ.

‘ಬೀವರ್ ಹೊಡೆಯೋಕೆ ಪರವಾನಗಿ ಬಂತು ಎಲ್ಸ್‌ಪೆತ್. ಕಾಗದ ಜೇಬಲ್ಲೇ ಐತೆ. ಇನ್ನು ಬಂದೂಕು ಒರೆಸ್ಬೇಕಷ್ಟೆ.’

‘ಒಳಗೆ ಬಾರೋ, ಚಳಿ ನುಗ್ತಿದೆ.’

‘ಒಳಗೆ ಬಂದ್ರೆ ಸೂಪು ಕೊಡ್ತೀಯ. ಸೂಪು ಕುಡಿದ್ರೆ ನನ್ನ ಸಿಟ್ಟು ಇಳೀತದೆ. ಇಲ್ಲೇ ಹೇಳಿ ಹೋಗ್ತೀನಿ.’

ಕೊನೆಗೆ ಒಳಗೆ ಬಂದು ಎರಡು ಬಟ್ಟಲು ಕುಡಿದ. ಒಪ್ಪಂದ ಇಷ್ಟು. ಬೀವರ್ ನಮ್ಮ ದಂಡೆಯಲ್ಲೇ ಇರಬೇಕು, ಅವನ ಕಡೆ ಹತ್ತಬಾರದು. ಎಷ್ಟಿವೆ ಅನ್ನುವುದು ಅವನಿಗೆ ಸರಿಯಾಗಿ ತಿಳಿಯಬೇಕು. ನೋಡಲು ಅಂತ ಜನ ಬರಬಾರದು. (‘ಜನ ಬಂದ್ರೆ ನಾಯಿ ಬರ್ತವೆ, ನಾಯಿ ಬಂದ್ರೆ ನನ್ನ ಕುರಿ ಆಲಿತ್‌ಗೆ ಓಡ್ತವೆ’ ಅಂತ ಅವನ ಗೋಳು.) ಇಷ್ಟು ನಡೆದರೆ ಏಪ್ರಿಲ್‌ವರೆಗೆ ಬಂದೂಕು ಕಪಾಟಿನಿಂದ ಹೊರಗೆ ಬರುವುದಿಲ್ಲ. ಏಪ್ರಿಲ್ ಬಂದರೆ ಮರಿ ಹಾಕುವ ಕಾಲ, ಆಮೇಲೆ ಬೇಸಿಗೆ ಕಳೆಯುವ ತನಕ ಯಾರೂ ಮುಟ್ಟುವ ಹಾಗಿಲ್ಲ.

ಅದಕ್ಕೇ ಕೇಳುತ್ತಿದ್ದೇನೆ. ಈ ತಿಂಗಳ ಕೊನೆಯ ಶನಿವಾರ ಬಂದು ನನ್ನ ಬದಲು ಕೂತುಕೊಳ್ಳುತ್ತೀಯಾ? ನಿನಗೆ ಗೊತ್ತಿರುವುದೇ, ಆದರೂ ಮುದುಕಿಯರು ಹೇಳಿದ್ದನ್ನೇ ಹೇಳುತ್ತಾರೆ. ಕತ್ತಲಾಗಲು ಒಂದು ಗಂಟೆ ಇರುವಾಗಲೇ ಹೋಗಿ ಕೂರು. ಗಾಳಿ ನಿನ್ನ ಮುಖಕ್ಕೆ ಬಡಿಯಬೇಕು, ಬೆನ್ನಿಗಲ್ಲ. ಸರಸರ ಅನ್ನುವ ಜಾಕೆಟ್ ಬೇಡ, ನನ್ನ ಉಣ್ಣೆ ಕೋಟು ಹಾಕಿಕೋ. ಬೆಳಕು ಬೇಡ, ತಿನ್ನಲು ಏನೂ ಇಡಬೇಡ, ಇನ್ನೊಬ್ಬರು ಬೇಡ. ಬಾಲ ನೀರಿಗೆ ಬಡಿದ ಸದ್ದು ಕೇಳಿದರೆ ಅವಕ್ಕೆ ನೀನಿರುವುದು ಗೊತ್ತಾಯಿತು ಅಂತಲೇ ಅರ್ಥ. ಎದ್ದು ಮನೆಗೆ ಬಾ. ಕಣ್ಣಿಗೆ ಕಂಡಷ್ಟೇ ಬರಿ. ಏನೂ ಕಾಣದಿದ್ದರೆ ಗೆರೆ ಎಳಿ. ನನ್ನ ನೋಟ್‌ಬುಕ್ಕಿನಲ್ಲಿ ಅಂಕಿಗಿಂತ ಗೆರೆಯೇ ಜಾಸ್ತಿ, ಅದರಲ್ಲಿ ನಾಚಿಕೆ ಏನಿಲ್ಲ.

ಹೆಸರಿಟ್ಟರೆ ಇರುವುದನ್ನು ನೋಡುವುದು ಬಿಟ್ಟು ಬೇಕಾದ್ದನ್ನೇ ಹುಡುಕುತ್ತೀವಿ. ಅದಕ್ಕೇ ಬೇಡ ಅಂದದ್ದು.

ಗೋಡೆ ಹಿಡಿದು ನಡೆಯುತ್ತಿರುವ
ಎಲ್ಸ್‌ಪೆತ್ ಅತ್ತೆ


ಎಡಿನ್‌ಬರೋ
ಭಾನುವಾರ, ಅಕ್ಟೋಬರ್ ೩೦

ಅತ್ತೆ,

ಬಸ್ಸು ಸರಿಯಾದ ಹೊತ್ತಿಗೆ ಸಿಕ್ಕಿತು. ಕೋಟು ಬಾಗಿಲ ಹಿಂದಿನ ಮೊಳೆಗೆ ಹಾಕಿದ್ದೇನೆ. ಬಕೆಟ್ ತೊಳೆದಿಟ್ಟಿದ್ದೇನೆ.

ದಿಂಬಿಗೆ ಒರಗಿ ಕೂತು ನೋಟ್‌ಬುಕ್ ನನ್ನ ಕೈಗೇ ಕೊಟ್ಟು ‘ನೀನೇ ಬರಿ’ ಅಂದೆಯಲ್ಲ, ಅದನ್ನೇ ದಾರಿಯುದ್ದಕ್ಕೂ ನೆನೆಸಿಕೊಳ್ಳುತ್ತಿದ್ದೆ. ನಾಲ್ಕು ಅಂತ ಬರೆದಾಗ ನಿನಗೆ ಎಷ್ಟು ಸಮಾಧಾನ ಆಯಿತು. ‘ಗಾಳಿ ಯಾವ ಕಡೆಯಿಂದ ಇತ್ತು?’ ಅಂತ ನೀನು ಕೇಳಿದಾಗ ನಾನು ಥಟ್ಟನೆ ಹೇಳಲಿಲ್ಲ. ಚಳಿಗೆ ಬಾಯಿ ಮರಗಟ್ಟಿತ್ತು, ಅಷ್ಟೇ.

ಇಲ್ಲಿ ಹುಡುಗಿಯರು ನನಗಾಗಿ ಕಾದಿದ್ದರು. ಊಟಕ್ಕೆ ಕೂತಾಗ ಟ್ಯಾಮ್ಸಿನ್ ತಾನೇ ಕುರ್ಚಿ ಎಳೆದು ‘ಇಲ್ಲಿ ಬಾ’ ಅಂದಳು. ಕಾಲೇಜಿಗೆ ಬಂದ ಮೇಲೆ ಮೊದಲ ಸಲ. ಆದರೂ ಯಾಕೋ ತಟ್ಟೆ ಹಾಗೇ ಬಿಟ್ಟು ಬೇಗ ಎದ್ದೆ.

ಸೊಂಟಕ್ಕೆ ಬಿಸಿನೀರಿನ ಚೀಲ ಮರೆಯಬೇಡ.

ಎಫಿ


ಸೋಮವಾರ, ನವೆಂಬರ್ ೧೪

ಎಫಿ,

ಹೇಗೆ ಬರೆಯಲಿ ಅಂತ ಮೂರು ದಿನ ಯೋಚಿಸಿದೆ. ನಡೆದ ಹಾಗೇ ಬರೆಯುತ್ತೇನೆ.

ಬೀವರ್ ವಾಟಿಯ ದಂಡೆ ಹತ್ತಿವೆ. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಹತ್ತಿರಲಿಲ್ಲ, ಆ ಕಡೆ ನೀರಂಚಿನಲ್ಲಿ ಅವಕ್ಕೆ ತಿನ್ನಲು ಏನೂ ಇಲ್ಲ. ಹತ್ತಿದ ಮೇಲೆ ಸೇಬಿನ ಮರ ಕಣ್ಣಿಗೆ ಬಿದ್ದಿದೆ. ವಾಟಿ ಹುಟ್ಟಿದ ವರ್ಷ ಅವನ ತಾಯಿ ನೆಟ್ಟದ್ದು. ಬುಡ ಕೊರೆದು ಬೀಳಿಸಿವೆ. ಮರ ಒಡ್ಡಿನ ಮೇಲೇ ಬಿದ್ದು ಮಣ್ಣು ಕುಸಿದಿದೆ, ಮೊನ್ನೆಯ ಮಳೆಗೆ ಹಳ್ಳದ ನೀರು ಅಲ್ಲಿಂದಲೇ ಹೊಲಕ್ಕೆ ನುಗ್ಗಿ ಬಿತ್ತಿದ ಬಾರ್ಲಿ ಮುಳುಗಿದೆ.

ಶುಕ್ರವಾರ ಬಂದ. ಈ ಸಲ ಕರೆಯದೇ ಒಳಗೆ ಬಂದು ಮೇಜಿನ ಮೇಲೆ ಒಂದು ಸೇಬು ಇಟ್ಟ. ಅರ್ಧ ಕಡಿದದ್ದು, ಕೊಳೆತದ್ದು. ಉಳಿದ ಸಿಪ್ಪೆಯ ಮೇಲೆ ಅಂಗಡಿಯ ಚೀಟಿ ಅಂಟಿತ್ತು.

‘ಇದು ಯಾವ ಮರದ್ದು ಎಲ್ಸ್‌ಪೆತ್? ನಮ್ಮವ್ವ ನೆಟ್ಟ ಮರ ಚೀಟಿ ಅಂಟಿಸ್ಕೊಂಡು ಹಣ್ಣು ಬಿಡ್ತಿರ್ಲಿಲ್ಲ.’

ನಾನು ಆ ಚೀಟಿಯನ್ನೇ ನೋಡಿದೆ. ‘ನಾನೇ ಇಟ್ಟೆ’ ಅಂದೆ.

‘ಈ ಸೊಂಟದಲ್ಲಿ? ನನ್ನ ದಂಡೇಗೆ ಬಂದು?’

‘ನಾನೇ ಇಟ್ಟೆ ಅಂದ್ನಲ್ಲ.’

ಅವನು ಟೋಪಿ ಹಾಕಿಕೊಂಡ. ‘ಹಾಗಾದ್ರೆ ಮಾತು ಮುರಿದೋಳು ನೀನು’ ಅಂದು ಹೋದ. ಸೂಪು ಒಲೆಯ ಮೇಲೇ ಇತ್ತು.

ನಾನು ನಿನ್ನನ್ನು ಏನೂ ಕೇಳುತ್ತಿಲ್ಲ.

ಎಲ್ಸ್‌ಪೆತ್


ಭಾನುವಾರ, ಡಿಸೆಂಬರ್ ೪

ಎಫಿ,

ನಿನ್ನ ಕಾಗದ ಇಲ್ಲದೆ ಮೂರು ಭಾನುವಾರ ಆಯಿತು.

ನಿನ್ನೆ ಸಂಜೆ ವಾಟಿ ಗುಂಡು ಹಾರಿಸಿದ. ಒಂದೇ ಸದ್ದು. ಕಿಟಕಿ ಮುಚ್ಚಿದ್ದರೂ ಕೇಳಿತು. ಆಮೇಲೆ ತಾನೇ ಬಂದು ಹೇಳಿದ. ಬಾಲದಲ್ಲಿ ಕಚ್ಚು ಇತ್ತಂತೆ.

ಅತ್ತೆ


ಎಡಿನ್‌ಬರೋ
ಭಾನುವಾರ, ಡಿಸೆಂಬರ್ ೧೧

ಅತ್ತೆ,

ಇದನ್ನು ಐದು ಸಲ ಬರೆದು ಹರಿದೆ. ಈ ಸಲ ಹರಿಯುವುದಿಲ್ಲ, ತಪ್ಪಾದರೆ ತಪ್ಪೇ ಇರಲಿ.

ಸೇಬು ಇಟ್ಟವಳು ನಾನು. ಅದು ನಿನಗೆ ಅವತ್ತೇ ಗೊತ್ತಾಗಿದೆ. ಗೊತ್ತಿಲ್ಲದ್ದನ್ನು ಹೇಳುತ್ತೇನೆ.

ಟ್ಯಾಮ್ಸಿನ್ ಮತ್ತು ಉಳಿದಿಬ್ಬರನ್ನು ಹಳ್ಳಕ್ಕೆ ಕರೆತರುತ್ತೇನೆ ಅಂತ ಮಾತು ಕೊಟ್ಟುಬಿಟ್ಟಿದ್ದೆ. ಕೊಟ್ಟ ಮೇಲೆ ಹೆದರಿಕೆ ಶುರುವಾಯಿತು. ಅಷ್ಟು ದೂರ ಬಂದು, ಚಳಿಯಲ್ಲಿ ಕೂತು, ಏನೂ ಕಾಣದೆ ಹೋದರೆ? ‘ಬೀವರೂ ಇಲ್ಲ, ಏನೂ ಇಲ್ಲ, ಬುರುಡೆ ಬಿಟ್ಟಳು’ ಅಂದರೆ? ಗೆರೆ ಎಳೆದರೆ ನಿನಗೆ ನಾಚಿಕೆ ಇಲ್ಲ. ನನಗಿತ್ತು. ಅದಕ್ಕೆ ಅಕ್ಟೋಬರಿನಲ್ಲಿ ಎರಡು ಶನಿವಾರ ಒಬ್ಬಳೇ ಬಸ್ಸಿನಲ್ಲಿ ಬಂದೆ. ಸೇತುವೆ ಸ್ಟಾಪಿನಲ್ಲೇ ಇಳಿದೆ, ಮನೆಯ ಸ್ಟಾಪಿಗೆ ಬರಲಿಲ್ಲ. ಗೀಕಿ ಅವರ ಗೇಟು ಹಾರಿ ಅವರ ದಂಡೆಯ ತಗ್ಗಿನಲ್ಲಿ ಸೇಬು ಇಟ್ಟು ಮುಂದಿನ ಬಸ್ಸಿಗೆ ವಾಪಸು ಹೋದೆ. ನಮ್ಮ ಕಡೆ ಒಂದು ಬಕೆಟ್ಟಿಗಷ್ಟೇ ಜಾಗ. ನಾಲ್ಕು ಜನ ಕೂರಬೇಕಾದರೆ ಆ ತಗ್ಗೇ ಸರಿ ಅನಿಸಿತು. ಎಷ್ಟು ಲೆಕ್ಕಾಚಾರ ಮಾಡಿದ್ದೆ ನೋಡು.

೨೯ರಂದು ಅವರೂ ಅದೇ ಬಸ್ಸಿನಲ್ಲಿದ್ದರು. ನಾನು ನಿನ್ನ ಅಡುಗೆಮನೆಯಲ್ಲಿ ಸೂಪು ಕುಡಿಯುವಾಗ ಅವರು ಸೇತುವೆಯ ಮೇಲೆ ನಿಂತಿದ್ದರು. ಕತ್ತಲಾಗುವ ಹೊತ್ತಿಗೆ ಒಂದೇ ಒಂದು ಬಂತು. ವಾರ್ಡನಮ್ಮ. ಅವತ್ತೂ ಇಟ್ಟಿದ್ದ ಸೇಬಿನ ಹತ್ತಿರ ನೇರ ಬಂದು, ಎರಡೂ ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ತಿಂದಳು. ನಮಗೆ ಎರಡು ಮಾರು ದೂರದಲ್ಲಿ. ನನ್ನನ್ನು ನೋಡಿದಳು ಅಂತಲೇ ಅನಿಸಿತು. ಟ್ಯಾಮ್ಸಿನ್ ಫೋನಿನ ದೀಪ ಹಾಕಿದಳು. ಬಾಲದ ಏಟು ಬಿತ್ತು, ನಮ್ಮ ಮುಖಕ್ಕೆಲ್ಲ ನೀರು. ಅವರಿಗೆ ನಗು ತಡೆಯಲಾಗಲಿಲ್ಲ. ಅತ್ತೆ, ನಾನೂ ನಕ್ಕೆ.

ಇನ್ನೂ ಕೆಟ್ಟದ್ದು ಉಳಿದಿದೆ. ನಾನು ಕಂಡದ್ದು ಒಂದು. ಹೋದ ವರ್ಷದ ಪುಟ ತಿರುವಿ ನೋಡಿ ನಾಲ್ಕು ಅಂತ ಬರೆದೆ. ನಿನ್ನ ಎದುರಿಗೇ.

ಗೀಕಿ ಅವರಿಗೂ ಎಲ್ಲ ಬರೆದು ಇವತ್ತೇ ಅಂಚೆಗೆ ಹಾಕುತ್ತಿದ್ದೇನೆ. ಕ್ರಿಸ್‌ಮಸ್ಸಿಗೆ ಬರುವುದಿಲ್ಲ. ಬಾ ಅಂತ ನೀನು ಕರೆಯಬೇಕಾಗಿ ಬರುವುದೂ ಬೇಡ.

ಎಫಿ


ಭಾನುವಾರ, ಜನವರಿ ೮

ಎಲ್ಸ್‌ಪೆತ್ ರಾಟ್ರೇ ಮನೆ ಹುಡುಗೀಗೆ,

ನಂಗೆ ಕಾಗದ ಬರೆದು ರೂಢಿ ಇಲ್ಲ. ಕೊನೇ ಸಲ ಬರೆದದ್ದು ಟ್ರ್ಯಾಕ್ಟರು ಮಾರಿದೋರಿಗೆ, ಅದೂ ಬೈದು. ಇದೂ ಹಾಗೇ ಇದ್ದೀತು, ಸಹಿಸ್ಕೋ.

ನಿಮ್ಮತ್ತೆ ಸುಳ್ಳು ಹೇಳ್ತಾಳೆ ಅಂತ ನಂಗೆ ಅವತ್ತೇ ಗೊತ್ತಾಯ್ತು. ಅವಳು ಸೇಬು ಮುಟ್ಟಿ ಇಪ್ಪತ್ತು ವರ್ಷ ಆಯ್ತು, ಕಚ್ಚೋಕೆ ಹಲ್ಲೆಲ್ಲಿ ಐತೆ? ಆದ್ರೂ ಸಿಟ್ಟು ಬಂತು. ಮರ ಬಿದ್ದಿದ್ದಕ್ಕೆ ಬಂದ ಸಿಟ್ಟು, ಹೊಲ ಮುಳುಗಿದ್ದಕ್ಕೆ ಬಂದ ಸಿಟ್ಟು, ಎಲ್ಲಾ ಸೇರಿ ಒಂದು ಗುಂಡು ಆಯ್ತು. ಹೊಡೆದ ಮೇಲೆ ಎರಡು ದಿನ ಊಟ ಸೇರ್ಲಿಲ್ಲ. ಇದನ್ನ ನಿಮ್ಮತ್ತೆಗೆ ಹೇಳ್ಬೇಡ.

ಈಗ ಕೆಲಸದ ಮಾತು. ಬೋನು ಇಟ್ಟು ಹಿಡಿದು ಬೇರೆ ಕಡೆ ಬಿಡೋರು ಇದಾರೆ, ಅವರನ್ನ ಕರೆಸಿದೀನಿ. ಫೆಬ್ರವರೀಲಿ ಬರ್ತಾರೆ. ಉಳಿದೋವನ್ನ ಇಂಗ್ಲೆಂಡಿಗೆ ಸಾಗಿಸ್ತಾರಂತೆ. ಅಲ್ಲಿಗೆ ಹೋದ್ರೆ ಅವೂ ನಿನ್ನ ಹಾಗೆ ಅರ್ಧ ಅರ್ಧ ಆಗ್ತವೆ. ಅವರು ನಿಮ್ಮತ್ತೆ ನೋಟ್‌ಬುಕ್ ನೋಡಿ, ನಾಲ್ಕರಲ್ಲಿ ಒಂದು ಹೋಯ್ತು, ಮೂರು ಹಿಡಿದ್ರೆ ಮುಗೀತು ಅಂತಾರೆ. ನೀನು ಬರೆದ ನಾಲ್ಕೇ ಸುಳ್ಳಾದ್ರೆ ಆ ಮೂರಕ್ಕೆ ಏನು ಬೆಲೆ? ಒಂದು ಮರಿ ಉಳ್ಕೊಂಡ್ರೂ ಒಂಟಿಯಾಗಿ ನನ್ನ ದಂಡೇನ ಕೊರೀತಾ ಕೂರ್ತದೆ. ಆಮೇಲೆ ನಾನು ಮತ್ತೆ ಕಪಾಟು ತೆಗೀಬೇಕು. ಇನ್ನೊಂದು ಸಲ ನನ್ನ ಕೈಲಾಗಲ್ಲ ಮಗಾ.

ಅದಕ್ಕೇ ನೀನು ಬಾ. ಬಂದು ಬಾಯಿ ಮುಚ್ಕೊಂಡು ಕೂತು, ಎಷ್ಟೈತೋ ಅಷ್ಟು ಎಣಿಸು. ಗೇಟು ಹಾಕಿರ್ತದೆ. ಹಾರ್ಬೇಡ, ತೆಗೆದು ಬಾ.

ವಾಲ್ಟರ್ ಗೀಕಿ


ನಿನ್ನ ಮನೆ, ನಿನ್ನ ಮೇಜು
ಭಾನುವಾರ, ಫೆಬ್ರವರಿ ೧೯

ಅತ್ತೆ,

ಇದು ಡಂಡಿಯ ಆಸ್ಪತ್ರೆಗೆ ತಲುಪುವ ಹೊತ್ತಿಗೆ ನೀನು ಎದ್ದು ನಾಲ್ಕು ಹೆಜ್ಜೆ ಇಟ್ಟಿರುತ್ತೀಯ ಅಂತ ನರ್ಸ್ ಹೇಳಿದರು. ಬೀಗದ ಕೈ ಗೀಕಿ ಅವರ ಹತ್ತಿರ ಕೊಟ್ಟು, ‘ಅವಳು ಬಂದರೆ ಕೊಡು’ ಅಂದಿದ್ದೆಯಂತೆ. ನನಗೆ ಮಾತ್ರ ಒಂದು ಸಾಲೂ ಬರೆಯಲಿಲ್ಲ. ಇರಲಿ, ಬೀಗದ ಕೈ ಸಾಕು.

ಸೋಮವಾರ ಬೋನು ಇಟ್ಟರು. ಗುರುವಾರದೊಳಗೆ ಮೂರು ಸಿಕ್ಕವು. ದೊಡ್ಡದೊಂದು, ಚಿಕ್ಕವೆರಡು. ಬೋನಿನವರು ಬಾಗಿಲುಗಳನ್ನು ಮಡಚಿ ಗಾಡಿಗೆ ಏರಿಸಲು ಶುರು ಮಾಡಿದರು. ‘ನೋಟ್‌ಬುಕ್ ಪ್ರಕಾರ ಮುಗೀತಲ್ಲ’ ಅಂದಳು ಅವರ ಮುಖ್ಯಸ್ಥೆ. ‘ನೋಟ್‌ಬುಕ್ ತಪ್ಪು’ ಅಂದೆ. ‘ಹನ್ನೊಂದು ವರ್ಷದ್ದೂ?’ ಅಂದಳು. ‘ಒಂದೇ ಸಾಲು. ಅದನ್ನು ಬರೆದವಳು ನಾನು. ನೋಡದೆ ಬರೆದೆ.’ ಅವಳು ಬೈಯಲಿಲ್ಲ, ಕೈಗವಸು ಮತ್ತೆ ಹಾಕಿಕೊಂಡಳು. ಇನ್ನು ಎರಡು ಸಂಜೆ ಕೊಡುತ್ತೇನೆ ಅಂದಳು.

ಶುಕ್ರವಾರ ಗೆರೆ.

ನಿನ್ನೆ ಶನಿವಾರ ಗೀಕಿ ಅವರು ತಮ್ಮದೇ ಬಕೆಟ್ ಹಿಡಿದು ಬಂದರು. ‘ನಿಮ್ಮ ಜಾಕೆಟ್ ಸದ್ದು ಮಾಡುತ್ತೆ’ ಅಂದೆ. ‘ನನ್ನ ದಂಡೇಲಿ ಕೂತು ನಂಗೇ ಪಾಠವಾ?’ ಅಂತ ಗೊಣಗಿ, ಜಾಕೆಟ್ ಬಿಚ್ಚಿ ಗೇಟಿಗೆ ನೇತುಹಾಕಿ ಬರೀ ಸ್ವೆಟರಿನಲ್ಲಿ ಕೂತರು. ಒಂದೂವರೆ ಗಂಟೆ. ಹಲ್ಲು ಕಟಕಟ ಅನ್ನುವುದು ಕೇಳಬಾರದು ಅಂತ ಮಫ್ಲರ್ ಕಚ್ಚಿಕೊಂಡಿದ್ದರು. ಗಾಳಿ ಉತ್ತರದಿಂದ, ನೇರ ಮುಖಕ್ಕೆ. ನೀನು ಕೇಳುವ ಮೊದಲೇ ಹೇಳಿದೆ, ನೋಡಿದೆಯಾ?

ಬೆಳಕು ಹೋಗುತ್ತಿದ್ದ ಹಾಗೆ ನೀರಿನಲ್ಲಿ ಒಂದು ಗೀಟು ಮೂಡಿತು. ಮರಿ. ಹೋದ ಬೇಸಿಗೆಯದು, ಬೆಕ್ಕಿಗಿಂತ ಸ್ವಲ್ಪ ದೊಡ್ಡದು. ಸೇಬಿನ ಬೊಡ್ಡೆ ದಾಟಿ, ನಾನು ಅವತ್ತು ಹಣ್ಣು ಇಟ್ಟಿದ್ದೆನಲ್ಲ, ಅದೇ ತಗ್ಗಿಗೆ ಬಂತು. ಖಾಲಿ ನೆಲ ಮೂಸಿತು. ಕೈಯಲ್ಲಿ ಮಣ್ಣು ಕೆದಕಿತು. ಆಮೇಲೆ ಸುಮ್ಮನೆ ಕೂತಿತು, ಯಾರೋ ಬರುತ್ತಾರೆ ಅನ್ನುವ ಹಾಗೆ. ತಾಯಿಯ ಹಿಂದೆ ಅಲ್ಲಿಗೆ ಎಷ್ಟು ಸಲ ಬಂದಿತ್ತೋ.

ನಾನು ಉಸಿರು ಬಿಡಲಿಲ್ಲ. ಗೀಕಿ ಅವರು ಮಂಡಿಯ ಮೇಲೆ ಒಂದು ಬೆರಳು ಎತ್ತಿ ತೋರಿಸಿ, ಸದ್ದಿಲ್ಲದೆ ತುಟಿಯಲ್ಲೇ ‘ಬರ್ಕೋ’ ಅಂದರು. ಅದು ಹೋಗಿ, ನೀರು ಪೂರಾ ನಿಂತ ಮೇಲೆ ಎದ್ದೆವು.

ಬೋನಿನೊಳಗೆ ಏನಿಡುತ್ತಾರೆ ಗೊತ್ತಾ ಅತ್ತೆ? ಸೇಬು. ಆ ಮೂರನ್ನು ಹಿಡಿಯಲು ನಾಲ್ಕು ದಿನ ಬೇಕಾಯಿತು. ಆ ತಗ್ಗಿನಲ್ಲಿಟ್ಟ ಬೋನಿಗೆ ಮರಿ ಒಂದೇ ರಾತ್ರಿಯಲ್ಲಿ ಬಂದು ಬಿದ್ದಿದೆ. ಬೆಳಿಗ್ಗೆ ಹೋದಾಗ ಒಳಗೆ ಕೂತು ತಿನ್ನುತ್ತಿತ್ತು. ‘ನೋಡು, ನಿನ್ನ ತಪ್ಪೂ ಒಂದು ಕೆಲಸಕ್ಕೆ ಬಂತು’ ಅಂದರು ಗೀಕಿ. ಒಳ್ಳೆಯ ಮನಸ್ಸಿನಿಂದಲೇ ಅಂದರು. ನನಗೆ ಹಾಗನಿಸಲಿಲ್ಲ. ಮನುಷ್ಯರ ವಾಸನೆ ಇರುವ ಕಡೆ ಹೋಗಬಾರದು ಅಂತ ಅದಕ್ಕೆ ಗೊತ್ತಿರಬೇಕಿತ್ತು. ಹೋಗಬಹುದು ಅಂತ ಕಲಿಸಿದವಳು ನಾನು.

ನಾಲ್ಕೂ ಒಂದೇ ಗಾಡಿಯಲ್ಲಿ ಹೋದವು. ಕಾಲೇಜಿಗೆ ಈ ವಾರ ರಜೆ. ಶನಿವಾರದವರೆಗೆ ದಿನಾ ಕೂರುತ್ತೇನೆ. ಇನ್ನೊಂದು ಇದ್ದರೆ ಗೊತ್ತಾಗಬೇಕಲ್ಲ.

ತುಂಬ ಸುಸ್ತಾಗಿದೆ. ನಿದ್ದೆ ಮಾತ್ರ ಬರುತ್ತಿದೆ.

ಎಫಿ


ಆಲಿತ್ ಹತ್ತಿರ
ಭಾನುವಾರ, ಮಾರ್ಚ್ ೨೬

ಎಫಿ,

ಎರಡು ಕೋಲು ಹಿಡಿದು ನಿನ್ನೆ ಹಳ್ಳಕ್ಕೆ ಹೋದೆ. ಮುಕ್ಕಾಲು ಗಂಟೆ ಹಿಡಿಯಿತು, ಹೊಸ ಕೀಲಿಗೆ ದಾರಿ ಗೊತ್ತಿಲ್ಲ. ಕಟ್ಟೆ ಅಲ್ಲಲ್ಲಿ ಸೋರುತ್ತಿದೆ, ಮುಚ್ಚುವವರಿಲ್ಲ. ನೀರು ಆಗಲೇ ಒಂದು ಗೇಣು ಇಳಿದಿದೆ. ವಾಟಿಗೆ ಖುಷಿಯಾಗಬೇಕಿತ್ತು. ದಿನಾ ಬಂದು ಸೂಪು ಕುಡಿದು ‘ಹಳ್ಳ ಯಾಕೋ ಬೋಳು ಬೋಳು ಕಾಣ್ತದೆ’ ಅಂತ ನನ್ನ ಮೇಲೇ ರೇಗುತ್ತಾನೆ.

ಆ ವಾರದ ನಿನ್ನ ಗೆರೆಗಳನ್ನು ನೋಡಿದೆ. ಏಳು. ಗಾಳಿ, ಹೊತ್ತು ಎಲ್ಲ ಬರೆದಿದ್ದೀಯ. ಅವನ್ನು ನಂಬಿದ್ದೇನೆ.

ನಿನಗೆ ಬೈಯಬೇಕು ಅಂತ ಚಳಿಗಾಲವಿಡೀ ಮಾತು ಕೂಡಿಟ್ಟಿದ್ದೆ. ಈಗ ಹುಡುಕಿದರೆ ಒಂದೇ ಉಳಿದಿದೆ. ಮುದುಕಿ ಬೀವರ್ ಹೋದದ್ದಲ್ಲ, ಸೇಬಲ್ಲ, ನೀನು ಬರೆದ ಅಂಕಿಯೂ ಅಲ್ಲ. ಎರಡು ಶನಿವಾರ ಸೇತುವೆಯವರೆಗೂ ಬಂದು ಹಾಗೇ ಹೋದೆಯಲ್ಲ. ಎರಡೂ ದಿನ ನಾನು ಕಿಟಕಿಯಲ್ಲೇ ಕೂತಿದ್ದೆ. ಸೊಂಟ ಹಾಗಿತ್ತು, ಬೇರೆಲ್ಲಿ ಕೂರಲಿ.

ಅಕ್ಟೋಬರ್ ೨೯ರ ನಾಲ್ಕು ಹಾಗೇ ಇದೆ. ‘ಹೊಡೆದು ಹಾಕು, ನೋಡೋಕೆ ಹಿಂಸೆ’ ಅಂದ ವಾಟಿ. ಆ ಸಂಜೆ ಅಲ್ಲಿದ್ದವಳು ನಾನಲ್ಲ, ನಾನು ಹೇಗೆ ತಿದ್ದಲಿ? ನೀನೇ ಬಂದು ತಿದ್ದು. ಒಂದು ಅಂತ ಬರಿ. ಗಾಳಿ ಯಾವ ಕಡೆಯಿಂದ ಇತ್ತು ಅಂತಲೂ ಬರಿ, ಅದನ್ನು ನೀನು ಇವತ್ತಿನವರೆಗೂ ಹೇಳಿಲ್ಲ.

ಮುಂದಿನ ಭಾನುವಾರ ಕಾಗದ ಬೇಡ. ಬಸ್ಸು ಸೇತುವೆ ದಾಟಿದ ಮೇಲೆ ಇಳಿ.

ನಿನ್ನ ಅತ್ತೆ